ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಟಿಪ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸ್ ಬುಕ್ ಮಾಡುವಾಗ ಟಿಪ್ಸ್ ಬಗ್ಗೆ ಯೋಚಿಸುವವರು ಕಡಿಮೆ. ಹಡಗು ಹತ್ತಿ ಎರಡನೇ ದಿನವೋ ಮೂರನೇ ದಿನವೋ ಆ್ಯಪ್‌ನಲ್ಲಿ ಖರ್ಚಿನ ಪಟ್ಟಿ ತೆರೆದಾಗ "ಇದೇನಿದು, ದಿನಾ ಇಷ್ಟು ಹಾಕುತ್ತಿದ್ದಾರಲ್ಲ" ಅನ್ನಿಸುತ್ತದೆ. ಪ್ರಶ್ನೆಗಳು ಶುರುವಾಗುವುದು ಅಲ್ಲಿಂದ. ಇಲ್ಲಿ ಮುಖ್ಯವಾಗಿ ನಿಮ್ಮ ಕೋಣೆ ನೋಡಿಕೊಳ್ಳುವವರ ಬಗ್ಗೆ ಬರೆದಿದ್ದೇನೆ. ಗೊಂದಲ ಜಾಸ್ತಿ ಇರುವುದು ಅವರ ವಿಷಯದಲ್ಲೇ. ನನ್ನ ಅಭಿಪ್ರಾಯವನ್ನು ಎಲ್ಲೂ ಮುಚ್ಚಿಟ್ಟಿಲ್ಲ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕ್ಯಾಬಿನ್ ಸಿಬ್ಬಂದಿ ಅಂದರೆ ಯಾರು?

ಕೋಣೆ ಗುಡಿಸಿ, ಹಾಸಿಗೆ ಸರಿಮಾಡಿ, ಟವೆಲ್ ಬದಲಿಸಿ, ಬಚ್ಚಲು ತೊಳೆಯುವವರು. ಒಂದು ಕಂಪನಿ ಅವರನ್ನು ಸ್ಟೀವರ್ಡ್ ಅನ್ನುತ್ತದೆ, ಇನ್ನೊಂದು ಸ್ಟೇಟ್‌ರೂಂ ಅಟೆಂಡೆಂಟ್ ಅನ್ನುತ್ತದೆ. ಕೆಲಸ ಒಂದೇ. ದೊಡ್ಡ ಹಡಗುಗಳಲ್ಲಿ ಒಬ್ಬರ ಪಾಲಿಗೆ ಇಪ್ಪತ್ತಕ್ಕಿಂತ ಹೆಚ್ಚು ಕೋಣೆ ಬರುವುದು ಮಾಮೂಲು. ಕೆಲವು ಕಡೆ ಜೊತೆಗೊಬ್ಬ ಸಹಾಯಕ ಇರುತ್ತಾರೆ, ಕೆಲವು ಕಡೆ ಅದೂ ಇಲ್ಲ.

ಮೊದಲ ದಿನ ಅವರೇ ಬಂದು ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಾರೆ. ಆ ಹೆಸರನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಬಿಲ್‌ನಲ್ಲಿ ದಿನಾ ಸೇರಿಸುತ್ತಿರುವ ಆ ದುಡ್ಡು ಏನು?

ಅದೇ ಟಿಪ್ಸ್. ಬಿಲ್‌ನಲ್ಲಿ ಗ್ರಾಚ್ಯುಟಿ, ಸರ್ವಿಸ್ ಚಾರ್ಜ್, ಕ್ರೂ ಅಪ್ರಿಸಿಯೇಷನ್, ಹೋಟೆಲ್ ಸರ್ವಿಸ್ ಚಾರ್ಜ್ ಅಂತ ಬೇರೆ ಬೇರೆ ಹೆಸರಲ್ಲಿ ಇರುತ್ತದೆ. ಲೆಕ್ಕ ತಲೆಗಿಷ್ಟು, ದಿನಕ್ಕಿಷ್ಟು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕೋಣೆಗೆ ಇತ್ತೀಚಿನ ವರ್ಷಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ನಡೆಯುತ್ತಿದೆ. ಸೂಟ್‌ಗಳಿಗೆ, ಅಂದರೆ ದೊಡ್ಡ ದುಬಾರಿ ಕೋಣೆಗಳಿಗೆ, ಇನ್ನೂ ಕೆಲವು ಡಾಲರ್ ಜಾಸ್ತಿ.

ದಿನಕ್ಕೆ 18 ಅಂತಿಟ್ಟುಕೊಳ್ಳಿ. ಇಬ್ಬರು, 7 ರಾತ್ರಿ: 252 ಡಾಲರ್. ನಾಲ್ಕು ಜನರ ಕುಟುಂಬವಾದರೆ 504. ಸಣ್ಣ ಮೊತ್ತ ಅಲ್ಲ. ಅದಕ್ಕೇ ಟಿಕೆಟ್ ದರ ಹೋಲಿಸಿ ನೋಡುವಾಗಲೇ ಇದನ್ನೂ ಸೇರಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು. ಟಿಕೆಟ್ ಅಗ್ಗ ಅಂತ ಹತ್ತಿ, ಹಡಗಿನಲ್ಲಿ ಬಿಲ್ ನೋಡಿ ಸಿಟ್ಟಾಗಿ, ಆ ಸಿಟ್ಟನ್ನು ಕೋಣೆ ಗುಡಿಸುವವರ ಮೇಲೆ ತೀರಿಸುವವರು ತುಂಬಾ ಜನ ಇದ್ದಾರೆ.

ಅದನ್ನು ಟಿಕೆಟ್ ದರದಲ್ಲೇ ಯಾಕೆ ಸೇರಿಸುವುದಿಲ್ಲ?

ಸೇರಿಸಿದರೆ ಜಾಹೀರಾತಿನಲ್ಲಿ ದರ ದೊಡ್ಡದಾಗಿ ಕಾಣುತ್ತದೆ. ಮುಖ್ಯ ಕಾರಣ ಇಷ್ಟೇ. ನನ್ನ ಪ್ರಕಾರ ಸೇರಿಸಬೇಕು. ಕೆಲವರು ಸೇರಿಸಿದ್ದಾರೆ ಕೂಡ: ಬ್ರಿಟನ್ನಿನ ಪಿ ಆಂಡ್ ಒ ಕ್ರೂಸಸ್ 2019ರಲ್ಲಿ ದಿನದ ಟಿಪ್ಸ್ ಹಾಕುವುದನ್ನೇ ನಿಲ್ಲಿಸಿತು. ಬ್ರಿಟನ್ನಿನದೇ ಮರೆಲ್ಲಾ ಕೂಡ ದರದಲ್ಲೇ ಸೇರಿಸುತ್ತದೆ. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್ ಥರದ ದುಬಾರಿ ಹಡಗುಗಳಲ್ಲೂ ಟಿಪ್ಸ್ ದರದೊಳಗೇ ಇರುತ್ತದೆ. ಅಂಥ ಕಡೆ ನೀವು ಏನೂ ಕೊಡದೆ ಇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಒಂದೇ ಕಂಪನಿ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ನಿಯಮ ಇಡುವುದೂ ಉಂಟು. ಒಬ್ಬರು ಬುಕ್ ಮಾಡಿದ ಕಡೆ ಟಿಪ್ಸ್ ಒಳಗೇ ಇದ್ದರೆ, ಪಕ್ಕದ ಕೋಣೆಯವರಿಗೆ ಹೊರಗಿರಬಹುದು. ಹಾಗಾಗಿ "ನನ್ನ ಗೆಳೆಯ ಹೋಗಿದ್ದ, ಅವನಿಗೆ ಹಾಕಿರಲಿಲ್ಲ" ಅನ್ನುವ ಮಾತು ನಂಬಬೇಡಿ, ನಿಮ್ಮ ಬುಕಿಂಗ್ ಕಾಗದ ಓದಿ.

ಮೊದಲೂ ಹೀಗೇ ಇತ್ತಾ?

ಇರಲಿಲ್ಲ. ಮೊದಲು ಕೊನೆಯ ರಾತ್ರಿ ಕೋಣೆಗೆ ಸಣ್ಣ ಕವರ್‌ಗಳು ಬರುತ್ತಿದ್ದವು. ಸ್ಟೀವರ್ಡ್‌ಗೆ ಒಂದು, ಊಟ ಬಡಿಸಿದವರಿಗೆ ಒಂದು, ಅವರ ಸಹಾಯಕರಿಗೆ ಒಂದು. ನೋಟು ಹಾಕಿ ಕೈಗೆ ಕೊಡುವುದು ಪದ್ಧತಿ. ಆಗ ದಿನಾ ಒಂದೇ ಮೇಜು, ಒಂದೇ ವೇಟರ್, ಹಾಗಾಗಿ ಲೆಕ್ಕ ಸುಲಭ. 2000ದ ಹೊತ್ತಿಗೆ ನಾರ್ವೇಜಿಯನ್ ಕ್ರೂಸ್ ಲೈನ್ "ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಊಟ ಮಾಡಿ" ಅನ್ನುವ ವ್ಯವಸ್ಥೆ ತಂದಿತು, ಬೇರೆಯವರೂ ಅದೇ ದಾರಿ ಹಿಡಿದರು. ದಿನಾ ಬೇರೆ ವೇಟರ್ ಬಂದರೆ ಕವರ್ ಯಾರಿಗೆ ಕೊಡುವುದು? ಹಾಗಾಗಿ ಎಲ್ಲರ ಪಾಲನ್ನೂ ಸೇರಿಸಿ ಖಾತೆಗೇ ಹಾಕುವುದು ಶುರುವಾಯಿತು. ರಾಯಲ್ ಕೆರಿಬಿಯನ್ 2013ರಲ್ಲಿ ಹಾಗೆ ಮಾಡಿತು. ಇನ್ನೊಂದು ಕಾರಣವೂ ಇತ್ತು: ಕೊನೆಯ ರಾತ್ರಿ ಊಟದ ಹಾಲ್ ಕಡೆಗೇ ಬಾರದೆ ತಪ್ಪಿಸಿಕೊಳ್ಳುವವರು ಜಾಸ್ತಿ ಆಗಿದ್ದರು.

ಆ ದುಡ್ಡು ನಿಜವಾಗಿಯೂ ನಮ್ಮ ಸ್ಟೀವರ್ಡ್‌ಗೆ ಹೋಗುತ್ತಾ?

ಪೂರ್ತಿ ಅವರಿಗೇ ಹೋಗುವುದಿಲ್ಲ. ಒಂದು ಪಾಲು ಹೋಗುತ್ತದೆ. ಉಳಿದದ್ದು ಊಟ ಬಡಿಸುವವರು, ಅಡುಗೆಮನೆಯವರು, ಬಟ್ಟೆ ಒಗೆಯುವವರು, ಇಂಥ ನೀವು ಮುಖ ಕೂಡ ನೋಡದ ಎಷ್ಟೋ ಜನರಿಗೆ ಹಂಚಿಹೋಗುತ್ತದೆ. ಹೇಗೆ ಹಂಚುತ್ತಾರೆ ಅನ್ನುವುದನ್ನು ಎಲ್ಲ ಕಂಪನಿಗಳೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರಯಾಣಿಕರು ಅನುಮಾನ ಪಡುವುದರಲ್ಲಿ ತಪ್ಪಿಲ್ಲ.

ಆದರೆ ಅನುಮಾನ ಬಂತು ಅಂತ ಕೊಡುವುದನ್ನೇ ನಿಲ್ಲಿಸಿದರೆ ಕಂಪನಿಗೆ ಏನೂ ಆಗುವುದಿಲ್ಲ. ಹಂಚಲು ಇರುವ ದುಡ್ಡು ಕಡಿಮೆಯಾಗುತ್ತದೆ, ಅಷ್ಟೇ. ಪೆಟ್ಟು ಬೀಳುವುದು ಪಾಲು ತೆಗೆದುಕೊಳ್ಳುವವರಿಗೆ.

ಕಂಪನಿ ಅವರಿಗೆ ಸಂಬಳ ಕೊಡುವುದಿಲ್ವಾ? ನಾನ್ಯಾಕೆ ಕೊಡಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ನ್ಯಾಯವಾದ ಪ್ರಶ್ನೆಯೂ ಹೌದು. ಸ್ವಲ್ಪ ವಿವರವಾಗಿ ಹೇಳಬೇಕು.

ಸಂಬಳ ಕೊಡುತ್ತಾರೆ. ಆದರೆ ಬಹಳಷ್ಟು ಕಂಪನಿಗಳಲ್ಲಿ ಕ್ಯಾಬಿನ್ ಸಿಬ್ಬಂದಿಯ ಮೂಲ ಸಂಬಳ ಕಡಿಮೆ, ಅವರ ಆದಾಯದ ದೊಡ್ಡ ಪಾಲು ಟಿಪ್ಸ್‌ನಿಂದಲೇ ಬರುತ್ತದೆ. ಕೆಲಸಕ್ಕೆ ಸೇರುವಾಗಲೇ ಈ ಲೆಕ್ಕ ಹಿಡಿದೇ ಸೇರಿರುತ್ತಾರೆ. ಹಾಗಾಗಿ ಆ ದಿನದ 18 ಡಾಲರ್ ಖುಷಿಗೆ ಕೊಡುವ ಬಹುಮಾನ ಅಂತ ನೀವಂದುಕೊಂಡರೂ, ಅವರಿಗೆ ಅದು ತಿಂಗಳ ಸಂಬಳದ ಒಂದು ಭಾಗ. ಊರಲ್ಲಿರುವ ಮಕ್ಕಳ ಫೀಸು, ಮನೆ ಸಾಲದ ಕಂತು ಎಲ್ಲ ಅದರಲ್ಲೇ.

ದೊಡ್ಡ ಹಡಗುಗಳು ಹೆಚ್ಚಾಗಿ ಬಹಾಮಾಸ್, ಪನಾಮ, ಬರ್ಮುಡಾ, ಮಾಲ್ಟಾ ಇಂಥ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಕಂಪನಿಯ ಕಚೇರಿ ಮಯಾಮಿಯಲ್ಲಿದ್ದರೂ ಹಡಗಿನ ಮೇಲೆ ಹಾರುವುದು ಬೇರೆ ದೇಶದ ಬಾವುಟ, ಅಲ್ಲಿನ ನೌಕರರಿಗೆ ಅಮೆರಿಕದ ಕನಿಷ್ಠ ಕೂಲಿ ಕಾನೂನು ತಾಗುವುದಿಲ್ಲ. ಕೆಲಸಗಾರರು ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತ ಹೀಗೆ ಹತ್ತಾರು ದೇಶಗಳಿಂದ ಬರುತ್ತಾರೆ. ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟೂ ದಿನ ವಾರದ ರಜೆ ಅಂತ ಪೂರ್ತಿ ದಿನ ಸಿಗುವುದಿಲ್ಲ. ಏಳು ದಿನವೂ ಕೆಲಸ, ನಡುನಡುವೆ ಕೆಲವು ಗಂಟೆ ಬಿಡುವು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕಡಲ ಕಾರ್ಮಿಕ ಒಪ್ಪಂದ ಅಂತ ಒಂದಿದೆ. 2006ರಲ್ಲಿ ಆದದ್ದು, ಜಾರಿಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಅದು ಕೆಲಸಕ್ಕೆ ಮಿತಿ ಹಾಕುವುದಾದರೂ ಆ ಮಿತಿ ಎಷ್ಟು ನೋಡಿ: ದಿನದ 24 ಗಂಟೆಯಲ್ಲಿ 14 ಗಂಟೆ, ವಾರಕ್ಕೆ 72 ಗಂಟೆ. ಇಲ್ಲವೇ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಅಂತ ಲೆಕ್ಕ. ಕಾನೂನು ಪೂರ್ತಿ ಪಾಲಿಸಿದರೂ ಅಷ್ಟು ದುಡಿಸಬಹುದು. ಹೊರಗೆ ಆಫೀಸಿನಲ್ಲಿ ಕೆಲಸ ಮಾಡುವ ನಮಗೆ ಇದು ಊಹಿಸುವುದೂ ಕಷ್ಟ, ಅಲ್ವಾ?

ಈ ವ್ಯವಸ್ಥೆ ಸರಿ ಅಂತ ನಾನು ಹೇಳುತ್ತಿಲ್ಲ. ಕಂಪನಿಗಳು ಒಳ್ಳೆ ಸಂಬಳ ಕೊಟ್ಟು, ದರದಲ್ಲೇ ಸೇರಿಸಿ, ಟಿಪ್ಸ್ ಅನ್ನುವುದನ್ನೇ ಕೈಬಿಟ್ಟರೆ ಎಲ್ಲರಿಗೂ ಒಳ್ಳೆಯದು. ಅದನ್ನು ಕಂಪನಿಗೆ ಬರೆಯಿರಿ, ಸಮೀಕ್ಷೆಯಲ್ಲಿ ಹಾಕಿ, ಮುಂದಿನ ಸಲ ಟಿಪ್ಸ್ ಒಳಗೇ ಇರುವ ಕಂಪನಿಯಲ್ಲಿ ಬುಕ್ ಮಾಡಿ. ಆದರೆ ಈ ವಾರ ನಿಮ್ಮ ಕೋಣೆ ಗುಡಿಸಿದವರ ಪಾಲನ್ನು ಕಿತ್ತುಕೊಂಡು ತತ್ವ ಮಾತಾಡುವುದು ನನಗೆ ಒಪ್ಪಿಗೆ ಇಲ್ಲ.

ದಿನದ ಟಿಪ್ಸ್ ತೆಗೆಸಿಹಾಕಿ, ಅದೇ ದುಡ್ಡನ್ನು ನೇರವಾಗಿ ಸ್ಟೀವರ್ಡ್ ಕೈಗೆ ಕೊಟ್ಟರೆ ಒಳ್ಳೆಯದಲ್ವಾ?

ಕೇಳಲು ಚೆನ್ನಾಗಿದೆ, ನಡೆಯುವುದು ಬೇರೆ. ಹಲವು ಹಡಗುಗಳಲ್ಲಿ ನಿಯಮ ಹೀಗಿರುತ್ತದೆ: ನೀವು ಖಾತೆಯಿಂದ ಟಿಪ್ಸ್ ತೆಗೆಸಿದ್ದರೆ, ನಿಮ್ಮಿಂದ ಸಿಕ್ಕ ನಗದನ್ನು ಸಿಬ್ಬಂದಿ ಒಟ್ಟು ನಿಧಿಗೆ ಒಪ್ಪಿಸಬೇಕು. ಟಿಪ್ಸ್ ಹಾಗೇ ಬಿಟ್ಟಿದ್ದು ಮೇಲಿಂದ ಕೊಟ್ಟರೆ ಮಾತ್ರ ಅದು ಪೂರ್ತಿ ಅವರದು. ಅಂದರೆ ಅವರಿಗೇ ಸಿಗಲಿ ಅಂತ ನೀವು ಮಾಡಿದ ಕೆಲಸದಿಂದ ಅವರಿಗೇ ಕಷ್ಟ.

ಇನ್ನೊಂದು ವಿಷಯ. ನಿಮ್ಮ ಟವೆಲ್ ಒಗೆದವರು, ರಾತ್ರಿ ಎರಡು ಗಂಟೆಗೆ ಕಾರಿಡಾರ್ ಕ್ಲೀನ್ ಮಾಡಿದವರು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಂಡವರಿಗೆ ಮಾತ್ರ ಕೊಟ್ಟರೆ ಅವರ ಗತಿ?

ಹಾಗಾಗಿ ನನ್ನ ಉತ್ತರ ಸರಳ. ದಿನದ ಟಿಪ್ಸ್‌ಗೆ ಕೈ ಹಾಕಬೇಡಿ. ಕೊಡಬೇಕು ಅನ್ನಿಸಿದರೆ ಮೇಲಿಂದ ಕೊಡಿ.

ಆದರೂ ತೆಗೆಸಲು ಅವಕಾಶ ಇದೆಯಾ?

ಕೆಲವು ಕಂಪನಿಗಳಲ್ಲಿ ಗೆಸ್ಟ್ ಸರ್ವಿಸಸ್ ಕೌಂಟರ್‌ಗೆ ಹೋಗಿ ಕೇಳಿದರೆ ಕಡಿಮೆ ಮಾಡುತ್ತಾರೆ ಇಲ್ಲವೇ ತೆಗೆಯುತ್ತಾರೆ. ಕೆಲವರು ಪ್ರಯಾಣ ಮುಗಿದ ಮೇಲೆ ಬರೆದು ಕೇಳಿ ಅನ್ನುತ್ತಾರೆ. ಕೆಲವು ಕಡೆ ಅದು ಕಡ್ಡಾಯ, ತೆಗೆಯುವ ಪ್ರಶ್ನೆಯೇ ಇಲ್ಲ. ಹಡಗು ಇಳಿದ ಮೇಲೆ ವಾಪಸ್ ಕೇಳಿದರೆ ಹೆಚ್ಚಿನ ಕಡೆ ಕೊಡುವುದಿಲ್ಲ.

ಹಾಗಾದರೆ ಮೇಲಿಂದ ಬೇರೆ ಕೊಡಲೇಬೇಕಾ?

ಕೊಡಲೇಬೇಕು ಅಂತೇನೂ ಇಲ್ಲ. ದಿನದ ಟಿಪ್ಸ್ ಕಟ್ಟಿದ್ದೀರಿ ಅಂದರೆ ನಿಮ್ಮ ಕರ್ತವ್ಯ ಮುಗಿಯಿತು. ತಲೆ ತಗ್ಗಿಸಿಕೊಂಡು ಇಳಿಯುವ ಅಗತ್ಯ ಇಲ್ಲ. ಕಷ್ಟಪಟ್ಟು ದುಡ್ಡು ಕೂಡಿಟ್ಟು ಜೀವನದಲ್ಲಿ ಒಂದು ಸಲ ಕ್ರೂಸ್ ಹೋಗುವವರೂ ಇರುತ್ತಾರೆ, ಅವರಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಆದರೆ ನಾನು ಕೊಡುತ್ತೇನೆ, ಕೊಡಿ ಅಂತಲೂ ಹೇಳುತ್ತೇನೆ. ನಿಮ್ಮ ಒದ್ದೆ ಟವೆಲ್, ಚೆಲ್ಲಿದ ಮರಳು, ಹರಡಿದ ಬಟ್ಟೆ ಎಲ್ಲವನ್ನೂ ಮುಖ ಸಿಂಡರಿಸದೆ ಎತ್ತಿಟ್ಟವರಿಗೆ ನಿಮ್ಮ ಕೈಯಾರೆ ಏನಾದರೂ ಕೊಡುವುದು ಒಳ್ಳೆಯ ನಡತೆ.

ಎಷ್ಟು ಕೊಡಬೇಕು?

ನಿಯಮ ಇಲ್ಲ, ರೂಢಿ ಇದೆ. ಒಂದು ಕೋಣೆಗೆ ದಿನಕ್ಕೆ 2ರಿಂದ 5 ಡಾಲರ್ ಲೆಕ್ಕ ಹಿಡಿಯುವವರು ಜಾಸ್ತಿ. ತಲೆಗಲ್ಲ, ಕೋಣೆಗೆ. ವಾರದ ಪ್ರಯಾಣಕ್ಕೆ 20 ಡಾಲರ್ ಕೊಟ್ಟರೂ ಮರ್ಯಾದೆಯ ಮೊತ್ತ, 40 ಕೊಟ್ಟರೆ ಧಾರಾಳ.

ಯಾವಾಗ ಜಾಸ್ತಿ ಕೊಡಬೇಕು ಅಂದರೆ: ಕೋಣೆಯಲ್ಲಿ ಮೂರು ನಾಲ್ಕು ಜನ ಇದ್ದರೆ. ಗೋಡೆಯ ಮಂಚವನ್ನು ದಿನಾ ಇಳಿಸಿ ಏರಿಸಬೇಕಾದರೆ. ಚಿಕ್ಕ ಮಗು ಇದ್ದು ತೊಟ್ಟಿಲು, ಹೆಚ್ಚುವರಿ ಹಾಸು, ದಿನಕ್ಕೆರಡು ಸಲ ಕಸ ಅಂತ ಕೇಳಿದ್ದರೆ. ವಯಸ್ಸಾದವರ ಗಾಲಿಕುರ್ಚಿಗೆ ಜಾಗ ಮಾಡಲು ಸಾಮಾನು ಸರಿಸಿಕೊಟ್ಟಿದ್ದರೆ. ಐಸ್ ಬಕೆಟ್ ದಿನಾ ತುಂಬಿಸಿಟ್ಟಿದ್ದರೆ. ಇವೆಲ್ಲ ಮಾಮೂಲಿ ಕೋಣೆಗೆ ಹಾಕಿದ ಸಮಯದ ಮೇಲೆ ಬೀಳುವ ಕೆಲಸ, ಆ ಸಮಯ ಅವರಿಗೆ ಎಲ್ಲಿಂದಲೂ ಜಾಸ್ತಿ ಸಿಗುವುದಿಲ್ಲ.

ಕೋಣೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದ್ದರೆ?

ಆಗ ಖಂಡಿತ ಕೊಡಿ, ಕೈ ಬಿಚ್ಚಿ ಕೊಡಿ. ಹಡಗಿನಲ್ಲಿ ನೋರೋವೈರಸ್ ಬೇಗ ಹರಡುತ್ತದೆ. ವಾಂತಿ ಭೇದಿ ಶುರುವಾದರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ಹೇಳಬೇಕು. ಆಮೇಲೆ ಆ ಕೋಣೆಯ ಬಾಗಿಲ ಹಿಡಿಕೆಯಿಂದ ಹಿಡಿದು ಟಿವಿ ರಿಮೋಟ್ ತನಕ ಎಲ್ಲವನ್ನೂ ಸೋಂಕುನಾಶಕ ಹಾಕಿ ಒರೆಸುತ್ತಾರೆ, ಬಟ್ಟೆಗಳನ್ನು ಬೇರೆಯಾಗಿಯೇ ಕೊಂಡೊಯ್ಯುತ್ತಾರೆ. ಆ ಕೆಲಸ ಮಾಡುವವರಿಗೂ ಸೋಂಕು ತಗಲುವ ಭಯ ಇದ್ದೇ ಇದೆ. ದುಡ್ಡಿಗಿಂತ ಮೊದಲು ಅವರಿಗೆ ಸತ್ಯ ಹೇಳಿ. ಸುಮ್ನೆ "ಊಟ ಸೇರಲಿಲ್ಲ" ಅಂತ ಮರೆಮಾಚಿದರೆ ಕೈಗವಸು ಹಾಕದೆ ಮುಟ್ಟುತ್ತಾರೆ.

ಯಾವಾಗ ಕೊಡುವುದು?

ಇಳಿಯುವ ಹಿಂದಿನ ದಿನ ಸಂಜೆ, ಅವರು ಕಾರಿಡಾರ್‌ನಲ್ಲಿ ಕಂಡಾಗ. ಇಳಿಯುವ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಆ ದಿನ ಎಂಟು ಎಂಟೂವರೆಗೆಲ್ಲ ಕೋಣೆ ಬಿಡಿ ಅನ್ನುತ್ತಾರೆ, ಮಧ್ಯಾಹ್ನಕ್ಕೆ ಹೊಸ ಪ್ರಯಾಣಿಕರು ಹತ್ತುತ್ತಾರೆ. ನಡುವಿನ ಆ ಕೆಲವೇ ಗಂಟೆಗಳಲ್ಲಿ ಪಾಲಿಗೆ ಬಂದ ಅಷ್ಟೂ ಕೋಣೆಗಳ ಹಾಸಿಗೆ ಬಟ್ಟೆ ಬದಲಿಸಿ, ಬಚ್ಚಲು ತೊಳೆದು ಹೊಸದಾಗಿ ಸಜ್ಜು ಮಾಡಬೇಕು. ಅವರ ಇಡೀ ವಾರದಲ್ಲಿ ಅತಿ ಕಷ್ಟದ ದಿನ ಅದು. ನೀವು ಹುಡುಕಿದರೂ ಸಿಗದೇ ಇರಬಹುದು, ಸಿಕ್ಕಿದರೂ ನಿಂತು ಮಾತಾಡುವ ಸಮಯ ಅವರಿಗಿರುವುದಿಲ್ಲ.

ಮೊದಲ ದಿನವೇ ಕೊಟ್ಟರೆ ಲಂಚ ಕೊಟ್ಟ ಹಾಗಲ್ವಾ?

ನನಗೆ ಹಾಗನ್ನಿಸುವುದಿಲ್ಲ, ಒಂದು ಷರತ್ತಿನ ಮೇಲೆ. ನಿಮಗೆ ಮುಂದೆ ಜಾಸ್ತಿ ಕೆಲಸ ಹೇಳುವುದಿದೆ ಅಂತ ಗೊತ್ತಿದ್ದರೆ, ಮೊದಲ ದಿನ ಅರ್ಧ, ಕೊನೆಗೆ ಅರ್ಧ ಕೊಡುವುದು ಒಳ್ಳೆಯದು. "ದಿಂಬು ಎರಡು ಜಾಸ್ತಿ ಬೇಕು, ಫ್ರಿಜ್ ಖಾಲಿ ಮಾಡಿಕೊಡಿ, ಔಷಧಿ ಇಡಬೇಕು" ಅಂತ ಕೇಳುವಾಗ ಹತ್ತು ಡಾಲರ್ ಕೈಗಿಟ್ಟರೆ ಮಾತುಕತೆ ಸಲೀಸಾಗುತ್ತದೆ. ಆದರೆ ನೋಟು ತೋರಿಸಿ "ನನ್ನನ್ನು ಚೆನ್ನಾಗಿ ನೋಡಿಕೋ, ಕೊನೆಗೆ ಇನ್ನೂ ಇದೆ" ಅನ್ನುವ ಧಾಟಿ ಬೇಡ. ಅದು ಅವಮಾನ.

ಹೇಗೆ ಕೊಡಬೇಕು? ದಿಂಬಿನ ಮೇಲೆ ಇಟ್ಟು ಹೋಗಬಹುದಾ?

ಬೇಡ. ಕೋಣೆಯಲ್ಲಿ ಬಿದ್ದಿರುವ ದುಡ್ಡನ್ನು ಸಿಬ್ಬಂದಿ ಮುಟ್ಟುವುದಿಲ್ಲ, ಕಳ್ಳತನದ ಆರೋಪ ಬಂದರೆ ಕೆಲಸವೇ ಹೋಗುತ್ತದೆ. ಎದುರಿಗೆ ಕೈಗೆ ಕೊಡಿ. ಆಗದಿದ್ದರೆ ಕವರ್‌ನಲ್ಲಿ ಹಾಕಿ, ಮೇಲೆ ಅವರ ಹೆಸರು, ನಿಮ್ಮ ಕೋಣೆ ಸಂಖ್ಯೆ, "ಇದು ನಿಮಗೆ, ಧನ್ಯವಾದ" ಅಂತ ಬರೆದು ಕಾಣುವ ಕಡೆ ಇಡಿ. ಕವರ್ ಬೇಕೆಂದರೆ ಹೆಚ್ಚಿನ ಹಡಗುಗಳಲ್ಲಿ ಕೌಂಟರ್‌ನಲ್ಲಿ ಕೇಳಿದರೆ ಕೊಡುತ್ತಾರೆ.

ಕೊಡುವಾಗ ಎರಡು ಮಾತು ಆಡಿ. ಹೆಸರು ಹಿಡಿದು ಕರೆಯಿರಿ. ಎಲ್ಲರೆದುರು ದೊಡ್ಡದಾಗಿ ತೋರಿಸಿಕೊಂಡು ಕೊಡಬೇಡಿ, ಪಕ್ಕದ ಕೋಣೆಯವರಿಗೂ ಮುಜುಗರ, ಅವರಿಗೂ ಮುಜುಗರ.

ಸ್ಟೀವರ್ಡ್ ಜೊತೆ ಸಹಾಯಕರೂ ಇದ್ದರೆ?

ಇಬ್ಬರಿಗೂ ಬೇರೆ ಬೇರೆ ಕೊಡಿ. ಒಬ್ಬರ ಕೈಗೆ ಕೊಟ್ಟು "ಹಂಚಿಕೊಳ್ಳಿ" ಅಂದರೆ ಹಂಚಬಹುದು, ಹಂಚದೆಯೂ ಇರಬಹುದು. ಮೂರರಲ್ಲಿ ಎರಡು ಪಾಲು ಸ್ಟೀವರ್ಡ್‌ಗೆ, ಒಂದು ಪಾಲು ಸಹಾಯಕರಿಗೆ ಅಂತ ಮಾಡಿದರೆ ಸಾಕು. ಸಹಾಯಕರೇ ಜಾಸ್ತಿ ಮಾಡಿದ್ದು ನೀವು ನೋಡಿದ್ದರೆ ಸಮನಾಗಿ ಕೊಡಿ.

ಯಾವ ಕರೆನ್ಸಿ?

ಹಡಗಿನಲ್ಲಿ ಯಾವುದು ನಡೆಯುತ್ತದೋ ಅದು. ಅಮೆರಿಕದ ಕಂಪನಿಗಳಲ್ಲಿ ಡಾಲರ್, ಮೆಡಿಟರೇನಿಯನ್ ಕಡೆಯ ಹಲವು ಹಡಗುಗಳಲ್ಲಿ ಯೂರೋ, ಬ್ರಿಟನ್ನಿನವುಗಳಲ್ಲಿ ಪೌಂಡ್. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಅನುಮಾನ ಇದ್ದರೆ ಅದನ್ನೇ ಕೊಡಿ. ನಾಣ್ಯ ಕೊಡಬೇಡಿ, ಇನ್ನೊಂದು ದೇಶದಲ್ಲಿ ಅವನ್ನು ಬದಲಿಸಿಕೊಳ್ಳಲು ಆಗುವುದಿಲ್ಲ. ಹರಿದ ನೋಟು, ಗೀಚಿದ ನೋಟೂ ಬೇಡ.

ಹಡಗಿನೊಳಗೆ ಎಲ್ಲವೂ ಕಾರ್ಡಿನಲ್ಲೇ ನಡೆಯುವುದರಿಂದ ಕೈಯಲ್ಲಿ ಚಿಲ್ಲರೆ ಇರುವುದಿಲ್ಲ. ಮನೆಯಿಂದ ಹೊರಡುವಾಗಲೇ 5, 10ರ ನೋಟುಗಳನ್ನು ಇಟ್ಟುಕೊಳ್ಳಿ. ಕೊನೆಯ ದಿನ ಕೌಂಟರ್ ಮುಂದೆ ಚಿಲ್ಲರೆಗೆ ಉದ್ದ ಸಾಲು ಇರುತ್ತದೆ.

ಮಕ್ಕಳಿಗೂ ಪೂರ್ತಿ ಟಿಪ್ಸ್ ಹಾಕುತ್ತಾರಾ?

ಬಹಳಷ್ಟು ಕಡೆ ಹೌದು. ತೀರಾ ಚಿಕ್ಕ ಮಕ್ಕಳಿಗೆ, ಅಂದರೆ ಎರಡು ಮೂರು ವರ್ಷದೊಳಗಿನವರಿಗೆ, ಹಲವು ಕಂಪನಿಗಳು ಹಾಕುವುದಿಲ್ಲ. ಕೆಲವು ಕಂಪನಿಗಳಲ್ಲಿ ಸ್ವಲ್ಪ ದೊಡ್ಡ ಮಕ್ಕಳಿಗೆ ಅರ್ಧ. ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ಈಗ ದಿನಕ್ಕೆ ಒಂದೇ ಸಲ ಕ್ಲೀನ್ ಮಾಡುತ್ತಾರೆ. ಟಿಪ್ಸ್ ಮಾತ್ರ ಏರುತ್ತಿದೆ. ಇದು ಯಾವ ನ್ಯಾಯ?

ನಿಮ್ಮ ಸಿಟ್ಟು ಸರಿ. ಮೊದಲು ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಬರುತ್ತಿದ್ದರು. ಕೊರೋನಾ ನಂತರ ಕಾರ್ನಿವಲ್, ನಾರ್ವೇಜಿಯನ್, ರಾಯಲ್ ಕೆರಿಬಿಯನ್ ಈ ಮೂರೂ ಸಾಮಾನ್ಯ ಕೋಣೆಗಳಿಗೆ ದಿನಕ್ಕೆ ಒಂದೇ ಸಲ ಅಂತ ಮಾಡಿದವು. ಅದೇ ಹೊತ್ತಿಗೆ ದಿನದ ಟಿಪ್ಸ್ ಕೂಡ ಏರಿತು.

ಆದರೆ ಆ ತೀರ್ಮಾನ ಸ್ಟೀವರ್ಡ್ ತೆಗೆದುಕೊಂಡದ್ದಲ್ಲ. ಒಂದು ಸಲ ಅಂತ ಮಾಡಿದ ಮೇಲೆ ಅವರ ಕೆಲಸ ಅರ್ಧ ಆಯಿತು ಅಂದುಕೊಳ್ಳಬೇಡಿ, ಒಬ್ಬರಿಗೆ ಕೊಡುವ ಕೋಣೆಗಳನ್ನು ಹೆಚ್ಚಿಸಿದ ಕಡೆಯೂ ಇದೆ. ಎಷ್ಟು ಗಂಟೆಗೆ ಬರಬೇಕು ಅಂತ ಮೊದಲ ದಿನವೇ ಹೇಳಿಬಿಡಿ, ಬೆಳಿಗ್ಗೆಯೋ ಸಂಜೆಯೋ. ಆ ಒಂದು ಸಲ ನಿಮಗೆ ಬೇಕಾದ ಹೊತ್ತಿಗೇ ಆಗುತ್ತದೆ.

"ನಮಗೆ ಕ್ಲೀನಿಂಗೇ ಬೇಡ" ಅಂತ ಬೋರ್ಡ್ ಹಾಕಿಕೊಂಡರೆ ಟಿಪ್ಸ್ ಕೊಡಬೇಕಾ?

ಕೊಡಬೇಕು. ಇಳಿದ ಮೇಲೆ ಆ ಕೋಣೆಯನ್ನು ಪೂರ್ತಿ ತೊಳೆಯುವುದು ಅವರೇ. ದಿನಾ ಬಿಡಿ ಅಂದ ಕೋಣೆ ಕೊನೆಗೆ ಜಾಸ್ತಿ ಹೊತ್ತು ತಿನ್ನುತ್ತದೆ.

ಸ್ಟೀವರ್ಡ್ ಕೆಲಸ ಚೆನ್ನಾಗಿಲ್ಲದಿದ್ದರೆ?

ಮೊದಲು ಅವರಿಗೇ ಹೇಳಿ, ಎರಡನೇ ದಿನವೇ ಹೇಳಿ. ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ. ಟವೆಲ್ ಬಂದಿಲ್ಲ ಅಂದರೆ ಲಾಂಡ್ರಿಯಲ್ಲೇ ತಡ ಆಗಿರಬಹುದು, ಬಚ್ಚಲಲ್ಲಿ ನೀರು ನಿಂತರೆ ಅದು ಪ್ಲಂಬಿಂಗ್ ವಿಭಾಗದ ಕೆಲಸ, ಎ.ಸಿ. ಕೆಟ್ಟರೆ ಅದು ಇನ್ನೊಬ್ಬರದು. ಹೇಳಿದ ಮೇಲೂ ಸರಿಹೋಗದಿದ್ದರೆ ಹೌಸ್‌ಕೀಪಿಂಗ್ ಮೇಲ್ವಿಚಾರಕರನ್ನು ಕೇಳಿ, ಆಮೇಲೆ ಕೌಂಟರ್. ಎಲ್ಲವನ್ನೂ ನುಂಗಿಕೊಂಡಿದ್ದು ಕೊನೆಯ ರಾತ್ರಿ ಹೋಗಿ ಟಿಪ್ಸ್ ತೆಗೆಸುವುದರಿಂದ ನಿಮಗೂ ಪ್ರಯೋಜನ ಇಲ್ಲ, ಮುಂದಿನ ವಾರ ಬರುವವರಿಗೂ ಇಲ್ಲ.

ನಿಜವಾಗಿಯೂ ಕೆಟ್ಟದಾಗಿ ನಡೆದುಕೊಂಡಿದ್ದರೆ, ಅಂದರೆ ಒರಟು ಮಾತು, ಅನುಮತಿ ಇಲ್ಲದೆ ಸಾಮಾನು ಮುಟ್ಟುವುದು, ಇಂಥದ್ದನ್ನು ಟಿಪ್ಸ್ ಕಡಿತದಲ್ಲಿ ಮುಗಿಸಬೇಡಿ. ಲಿಖಿತ ದೂರು ಕೊಡಿ. ಅದು ಭದ್ರತೆಯ ವಿಷಯ.

ಬಟ್ಲರ್, ರೂಂ ಸರ್ವಿಸ್, ಬಾರ್ ಇವರ ಕಥೆ ಏನು?

ಬಾರ್‌ನಲ್ಲಿ ಪ್ರತಿ ಬಿಲ್‌ಗೆ ಶೇ 18ರಿಂದ 20 ತಾನಾಗಿಯೇ ಸೇರುತ್ತದೆ, ಬೇರೆ ಕೊಡುವ ಅಗತ್ಯ ಇಲ್ಲ. ರೂಂ ಸರ್ವಿಸ್ ತಂದುಕೊಟ್ಟವರಿಗೆ 2-3 ಡಾಲರ್ ಕೈಗೆ ಕೊಡುವುದು ರೂಢಿ. ಅವರು ಸಾಮಾನ್ಯವಾಗಿ ನಿಮ್ಮ ಸ್ಟೀವರ್ಡ್ ಅಲ್ಲ, ಬೇರೆಯವರು.

ಸೂಟ್‌ನಲ್ಲಿ ಇಳಿದವರು ಬಟ್ಲರ್ ವಿಷಯ ಸರಿಯಾಗಿ ಓದಿಕೊಳ್ಳಬೇಕು. ನಾರ್ವೇಜಿಯನ್‌ನಲ್ಲಿ ಬಟ್ಲರ್ (ಸೂಟ್‌ನವರ ಪರಿಚಾರಕ) ಮತ್ತು ಕನ್ಸಿಯರ್ಜ್ (ಬುಕಿಂಗ್ ಇತ್ಯಾದಿ ಮಾಡಿಕೊಡುವವರು) ದಿನದ ಸರ್ವಿಸ್ ಚಾರ್ಜ್‌ನಲ್ಲಿ ಸೇರಿಲ್ಲ, ಅವರಿಗೆ ಬೇರೆಯಾಗಿಯೇ ಕೊಡಬೇಕು. ಗೊತ್ತಿಲ್ಲದೆ ಎಲ್ಲವೂ ಸೇರಿದೆ ಅಂದುಕೊಂಡು ಇಳಿದುಬಿಡುವವರು ಇದ್ದಾರೆ.

ಯಾರಿಗೆ ಕೊಡಬಾರದು?

ಕ್ಯಾಪ್ಟನ್, ಅಧಿಕಾರಿಗಳು, ವೈದ್ಯರು, ನರ್ಸ್, ಕ್ರೂಸ್ ಡೈರೆಕ್ಟರ್, ಹಾಡುವವರು ಕುಣಿಯುವವರು. ಅವರಿಗೆ ಮೆಚ್ಚುಗೆಯ ಮಾತು ಸಾಕು. ಬಂದರಿನಲ್ಲಿ ಸೂಟ್‌ಕೇಸ್ ಎತ್ತುವವರು ಹಡಗಿನ ನೌಕರರಲ್ಲ. ಅಮೆರಿಕದ ಬಂದರುಗಳಲ್ಲಿ ಅವರಿಗೆ ಚೀಲಕ್ಕೆ ಒಂದೆರಡು ಡಾಲರ್ ಕೊಡುವುದು ರೂಢಿ, ದಿನದ ಟಿಪ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ದುಡ್ಡಿನ ಬದಲು ಉಡುಗೊರೆ ಕೊಡಬಹುದಾ?

ದುಡ್ಡಿನ ಬದಲು ಬೇಡ, ಜೊತೆಗೆ ಇರಲಿ. ಅವರಿರುವ ಕೋಣೆ ಚಿಕ್ಕದು, ಹೆಚ್ಚಾಗಿ ಇನ್ನೊಬ್ಬರ ಜೊತೆ ಹಂಚಿಕೊಂಡದ್ದು, ಸಾಮಾನು ಇಡಲು ಜಾಗ ಇಲ್ಲ. ಸೀಲ್ ಮಾಡಿದ ಚಾಕೊಲೇಟ್ ನಡೆಯುತ್ತದೆ. ಮನೆಯಲ್ಲಿ ಮಾಡಿದ ತಿಂಡಿ, ನೀವು ಬಳಸಿ ಬಿಟ್ಟ ಬಟ್ಟೆ, ಅರ್ಧ ಉಳಿದ ಶಾಂಪೂ, ಇವುಗಳನ್ನು ದಯವಿಟ್ಟು ಕೊಡಬೇಡಿ. ಹೊಸ ವಸ್ತು ಏನಾದರೂ ಕೊಡುವುದಾದರೆ ಜೊತೆಗೊಂದು ಚೀಟಿ ಬರೆದುಕೊಡಿ, "ಇದನ್ನು ನಾವೇ ಕೊಟ್ಟಿದ್ದು" ಅಂತ, ಸಹಿ ಮತ್ತು ಕೋಣೆ ಸಂಖ್ಯೆ ಸಮೇತ. ಇಲ್ಲದಿದ್ದರೆ ಎಲ್ಲಿಂದ ಬಂತು ಅಂತ ಅವರನ್ನು ಪ್ರಶ್ನೆ ಮಾಡುತ್ತಾರೆ.

ದುಡ್ಡು ಬಿಟ್ಟು ಬೇರೆ ಏನಾದರೂ ಮಾಡಬಹುದಾ?

ಖಂಡಿತ. ಹೆಸರು ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಪ್ರಯಾಣ ಮುಗಿದ ಮೇಲೆ ಕಂಪನಿ ಇಮೇಲ್‌ನಲ್ಲಿ ಸಮೀಕ್ಷೆ ಕಳಿಸುತ್ತದೆ. ಅದರಲ್ಲಿ ನಿಮ್ಮ ಸ್ಟೀವರ್ಡ್ ಹೆಸರು, ಕೋಣೆ ಸಂಖ್ಯೆ, ಅವರು ಏನು ಮಾಡಿದರು ಅಂತ ಎರಡು ಸಾಲು ಬರೆಯಿರಿ. "ಸೇವೆ ಚೆನ್ನಾಗಿತ್ತು" ಅಂದರೆ ಸಾಲದು. "ಅಮ್ಮನಿಗೆ ಮೊಣಕಾಲು ನೋವು ಅಂತ ಹೇಳದೆಯೇ ಬಚ್ಚಲಿಗೆ ಸ್ಟೂಲ್ ತಂದಿಟ್ಟರು" ಅನ್ನುವ ಥರ ನಿರ್ದಿಷ್ಟವಾಗಿ ಬರೆಯಿರಿ. ಬಡ್ತಿ, ಮುಂದಿನ ಒಪ್ಪಂದ, ಬಹುಮಾನ ಇವಕ್ಕೆಲ್ಲ ಈ ಮಾತುಗಳನ್ನು ನೋಡುತ್ತಾರೆ. ಹಡಗಿನಲ್ಲಿರುವಾಗಲೇ ಕೌಂಟರ್‌ನಲ್ಲಿ ಮೆಚ್ಚುಗೆಯ ಕಾರ್ಡ್ ಸಿಗುತ್ತದಾ ಅಂತಲೂ ಕೇಳಿ.

ಇನ್ನೂ ಒಂದಿದೆ, ಖರ್ಚಿಲ್ಲದ್ದು. ಬೆಳಿಗ್ಗೆ ಹೊರಗೆ ಹೋಗುವ ಮುಂಚೆ ಒದ್ದೆ ಟವೆಲ್‌ಗಳನ್ನು ಒಂದೇ ಕಡೆ ಗುಡ್ಡೆ ಹಾಕಿ, ನೆಲದ ಮೇಲಿನ ಬಟ್ಟೆ ಎತ್ತಿಡಿ, ಕಸ ಬುಟ್ಟಿಗೆ ಹಾಕಿ. ಎರಡು ನಿಮಿಷದ ಕೆಲಸ.

ಮುಂಚೆಯೇ ಕಟ್ಟಿಬಿಡುವುದು ಒಳ್ಳೆಯದಾ?

ಒಳ್ಳೆಯದು. ಟಿಕೆಟ್ ಜೊತೆಗೇ ಕಟ್ಟಿದರೆ ಹಡಗಿನ ಬಿಲ್ ಹಗುರವಾಗುತ್ತದೆ, ನಡುವೆ ದರ ಏರಿದರೂ ಹೆಚ್ಚಿನ ಕಂಪನಿಗಳಲ್ಲಿ ನೀವು ಕಟ್ಟಿದ ದರವೇ ಇರುತ್ತದೆ. ನಿಮ್ಮ ಖಾತೆಯಲ್ಲಿ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲೇ ಖರ್ಚು ಮಾಡಲು ಖಾತೆಗೆ ಜಮಾ ಆಗಿರುವ ದುಡ್ಡು) ಇದ್ದರೆ ಮಾತ್ರ ಮುಂಚೆ ಕಟ್ಟಬೇಡಿ, ಅದನ್ನು ಟಿಪ್ಸ್‌ಗೆ ಬಳಸಲು ಹಲವು ಕಡೆ ಬಿಡುತ್ತಾರೆ.

ನದಿ ಕ್ರೂಸ್‌ನಲ್ಲೂ ಇದೇ ನಿಯಮನಾ?

ಸ್ವಲ್ಪ ಬೇರೆ. ಅಲ್ಲಿ ಹಡಗು ಚಿಕ್ಕದು, ಸಿಬ್ಬಂದಿ ಕಡಿಮೆ. ದಿನಾ ಖಾತೆಗೆ ಹಾಕುವ ಬದಲು ಕೊನೆಗೆ ಒಂದು ಸಲ ಎಲ್ಲರಿಗೂ ಸೇರಿಸಿ ಕೊಡುವ ಪದ್ಧತಿ ಹಲವು ಕಡೆ ಇದೆ. ಪೆಟ್ಟಿಗೆಗೆ ಹಾಕಬಹುದು, ಕೆಲವು ಕಡೆ ಕಾರ್ಡಿನಲ್ಲೂ ಕೊಡಬಹುದು. ಪ್ರವಾಸ ನಡೆಸಿಕೊಡುವ ಮುಖ್ಯಸ್ಥರಿಗೆ ಬೇರೆ ಕವರ್. ಎಷ್ಟು ಅಂತ ಕಂಪನಿಯೇ ಕಾಗದದಲ್ಲಿ ಸೂಚಿಸಿರುತ್ತದೆ.

ಬಿಲ್‌ನಲ್ಲಿ ಎರಡು ಸಲ ಹಾಕಿದ್ದರೆ?

ಮುಂಚೆ ಕಟ್ಟಿದ್ದರೂ ಹಡಗಿನಲ್ಲಿ ಮತ್ತೆ ಹಾಕುವ ತಪ್ಪು ಆಗುತ್ತದೆ. ಮೊದಲ ಎರಡು ದಿನದಲ್ಲೇ ಆ್ಯಪ್‌ನಲ್ಲಿ ಖಾತೆ ತೆರೆದು ನೋಡಿ, ಕಟ್ಟಿದ ರಸೀದಿ ಫೋನ್‌ನಲ್ಲಿ ಇಟ್ಟುಕೊಂಡು ಕೌಂಟರ್‌ಗೆ ಹೋಗಿ. ಅಲ್ಲೇ ಸರಿಮಾಡಿಕೊಡುತ್ತಾರೆ. ಕೊನೆಯ ಬೆಳಿಗ್ಗೆ ಹೋದರೆ ಸಾಲಿನಲ್ಲಿ ನಿಂತೇ ಇಳಿಯುವ ಹೊತ್ತಾಗುತ್ತದೆ.